ಡಿಫರೆನ್ಷಿಯಲ್ ಕೂಗುತ್ತಿದೆ, ಯಾವ ಎಣ್ಣೆ ಹಾಕಲಿ?

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಹೋದ ವರ್ಷ 2000ನೇ ಇಸವಿಯ ಮಜ್ದಾ ಎಂಎಕ್ಸ್-5 ಕೊಂಡೆ. 1.8 ಲೀಟರ್ ಎಂಜಿನ್, ಐದು ಗೇರ್. ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಟಾರ್ಸನ್ ಬಗೆಯದು. 55ರಿಂದ 65 ಮೈಲಿ ವೇಗದಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಿದ್ದರೆ ಹಿಂದಿನಿಂದ 'ಗುಂಯ್' ಅಂತ ಒಂದೇ ಸಮನೆ ಶಬ್ದ ಬರುತ್ತದೆ. ಕಾಲು ತೆಗೆದರೆ ನಿಲ್ಲುತ್ತದೆ. ಗೆಳೆಯರ ಮಾತು ಕೇಳಿ 75ಡಬ್ಲ್ಯು-140 ಎಣ್ಣೆ ಹಾಕಿಸಿದೆ, ಜೊತೆಗೆ ಲಿಮಿಟೆಡ್ ಸ್ಲಿಪ್‌ಗೆ (ಒಂದೇ ಚಕ್ರ ಸುಮ್ಮನೆ ಜಾರಿ ಸುತ್ತದ ಹಾಗೆ ತಡೆಯುವ ಡಿಫರೆನ್ಷಿಯಲ್‌ಗೆ) ಹಾಕುವ ಅಡಿಟಿವ್ ಒಂದು ಬಾಟಲಿ. ಒಂದು ತಿಂಗಳು ಶಬ್ದ ಕಡಿಮೆ ಅನಿಸಿತು. ಈಗ ಮತ್ತೆ ಶುರುವಾಗಿದೆ. ಬೇರೆ ಯಾವ ಎಣ್ಣೆ ಹಾಕಲಿ? ಡಿಫರೆನ್ಷಿಯಲ್ ಬಿಚ್ಚಿಸಲೇಬೇಕಾ?

ಉತ್ತರ: ಎಣ್ಣೆ ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ರಾತ್ರಿಯಿಡೀ ಹೊರಗೆ ನಿಂತು ಚೆನ್ನಾಗಿ ತಣ್ಣಗಾದ ಕಾರನ್ನು ಬೆಳಿಗ್ಗೆ ತೆಗೆಯಿರಿ. ಎಂಜಿನ್ನಿಗೆ ನೋವಾಗದ ಹಾಗೆ, ಆದರೆ ಆದಷ್ಟು ಬೇಗ, 60 ಮೈಲಿ ವೇಗಕ್ಕೆ ಬನ್ನಿ. ನಾಲ್ಕನೇ ಗೇರಿನಲ್ಲಿ ಹಿಡಿದು, ರೇಡಿಯೊ ನಿಲ್ಲಿಸಿ, ಕಿಟಕಿ ಮುಚ್ಚಿ ಕೇಳಿ. ಆಮೇಲೆ ಅರ್ಧ ಗಂಟೆ ಓಡಿಸಿ, ಅದೇ ರಸ್ತೆ, ಅದೇ ವೇಗ, ಅದೇ ಗೇರಿನಲ್ಲಿ ಇನ್ನೊಂದು ಸಲ ಕೇಳಿ.

ಇದರಿಂದ ಏನು ಗೊತ್ತಾಗುತ್ತದೆ ಅಂದರೆ, ದಪ್ಪ ಎಣ್ಣೆಯಿಂದ ನಿಮ್ಮ ಶಬ್ದಕ್ಕೆ ಎಷ್ಟು ಉಪಯೋಗ ಅನ್ನುವುದು. ಒಳ್ಳೆಯ 75ಡಬ್ಲ್ಯು-90 ಎಣ್ಣೆ 100 ಡಿಗ್ರಿಯಲ್ಲಿ ಸುಮಾರು 15 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪ ಅಳೆಯುವ ಮಾನ) ದಪ್ಪ ಇರುತ್ತದೆ. 40 ಡಿಗ್ರಿಯಲ್ಲಿ ಅದೇ ಎಣ್ಣೆ 100ರ ಆಸುಪಾಸು. ಲೀಡ್ಸ್‌ನ ಚಳಿಗಾಲದ ಬೆಳಿಗ್ಗೆ ಐದು ಡಿಗ್ರಿಯಲ್ಲಿ ಐನೂರನ್ನೂ ದಾಟಿರುತ್ತದೆ. ನೀವು ಹಾಕಿಸಿರುವ 140 ನಂಬರ್ ಎಣ್ಣೆ ಇನ್ನೂ ಗಟ್ಟಿ, ಜೇನುತುಪ್ಪದ ಹಾಗೆ. ಅಂದರೆ ಮನೆ ಬಿಟ್ಟ ಮೊದಲ ಎರಡು ಮೈಲಿ ನಿಮ್ಮ ಡಿಫರೆನ್ಷಿಯಲ್‌ನಲ್ಲಿ ಇರುವ ಎಣ್ಣೆ, ಬಿಸಿಯಾಗಿ ಓಡುವಾಗ ಇರುವುದಕ್ಕಿಂತ ಹತ್ತು ಪಟ್ಟು ದಪ್ಪ. ಅಷ್ಟು ದಪ್ಪದಲ್ಲೂ ಗುಂಯ್ ಕೇಳಿಸಿದರೆ, ಅಂಗಡಿಯಲ್ಲಿ ಸಿಗುವ ಯಾವ ಡಬ್ಬಿಯೂ ಅದನ್ನು ನಿಲ್ಲಿಸುವುದಿಲ್ಲ. ತಣ್ಣಗಿದ್ದಾಗ ಸುಮ್ಮನಿದ್ದು, ಬಿಸಿಯಾದ ಮೇಲೆ ಮಾತ್ರ ಕೂಗಿದರೆ ಎಣ್ಣೆಗೆ ಒಂದಿಷ್ಟು ಅವಕಾಶ ಇದೆ. ತಣ್ಣಗಿರುವಾಗ ಡಿಫರೆನ್ಷಿಯಲ್ ಅನ್ನು ಕಾರಿನ ಮೈಗೆ ಹಿಡಿದಿರುವ ರಬ್ಬರ್ ಬುಷ್‌ಗಳೂ ಬಿರುಸಾಗಿರುತ್ತವೆ, ಶಬ್ದವನ್ನು ಸ್ವಲ್ಪ ಜಾಸ್ತಿ ದಾಟಿಸುತ್ತವೆ. ಅದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ನಾನು ಗೇರು ಮತ್ತು ಆಕ್ಸಲ್ ಶಬ್ದದ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದವನು. 'ಯಾವ ಎಣ್ಣೆ' ಅಂತ ಕೇಳುವವರು ಬಹಳ ಜನ. 'ಇದು ಯಾವ ಶಬ್ದ' ಅಂತ ಕೇಳುವವರು ಕಡಿಮೆ. ಡಿಫರೆನ್ಷಿಯಲ್‌ನಿಂದ ಬರುವ ಶಬ್ದಗಳಲ್ಲಿ ಒಂದನ್ನು ಎಣ್ಣೆ ನಿಜವಾಗಿ ಗುಣ ಮಾಡುತ್ತದೆ. ಇನ್ನೊಂದನ್ನು ಸ್ವಲ್ಪ ತಗ್ಗಿಸುತ್ತದೆ. ಮತ್ತೊಂದನ್ನು ಬರೀ ಮುಚ್ಚಿಡುತ್ತದೆ. ಆ ಮೂರನೆಯದೇ ಅಪಾಯ.

ಮೊದಲು ನಿಮ್ಮದು ಯಾವುದು ಅಂತ ನೋಡೋಣ.

ನೀವು ಹೇಳಿದ ಲಕ್ಷಣ, ಅಂದರೆ ಕಾಲು ಒತ್ತಿದಾಗ ಬಂದು ತೆಗೆದಾಗ ಹೋಗುವುದು, ಕ್ರೌನ್ ವೀಲ್ (ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಇವುಗಳ ಹಲ್ಲುಗಳು ಕೂಡುವ ಶಬ್ದದ್ದು. ಆದರೂ ಖಚಿತ ಮಾಡಿಕೊಳ್ಳಿ. ನಿಮ್ಮ ಗೇರ್‌ಬಾಕ್ಸಿನಲ್ಲಿ ನಾಲ್ಕನೇ ಗೇರ್ ನೇರ ಗೇರ್. ಎಂಜಿನ್ ಒಂದು ಸುತ್ತು ಸುತ್ತಿದರೆ, ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದೇ ಸುತ್ತು. ಆಗ ಗೇರ್‌ಬಾಕ್ಸಿನ ಹಲ್ಲುಗಳ ಮೇಲೆ ಭಾರವೇ ಬೀಳುವುದಿಲ್ಲ. ಅದಕ್ಕೇ ನಾಲ್ಕನೇ ಗೇರಿನಲ್ಲಿ ಕೇಳಿ ಅಂದಿದ್ದು. ಐದನೆಯದರಲ್ಲಿ ಇದ್ದ ಶಬ್ದ ನಾಲ್ಕನೆಯದರಲ್ಲಿ ಮಾಯವಾದರೆ ತಪ್ಪು ಗೇರ್‌ಬಾಕ್ಸಿನದು. ಎರಡರಲ್ಲೂ ಒಂದೇ ವೇಗಕ್ಕೆ ಒಂದೇ ಶ್ರುತಿಯಲ್ಲಿ ಕೇಳಿಸಿದರೆ ಹಿಂದಿನದು.

ಇನ್ನೂ ನಿಖರವಾಗಿ ಬೇಕಾದರೆ ಫೋನ್ ಉಪಯೋಗಿಸಿ. ಶಬ್ದದ ಕಂಪನಾಂಕವನ್ನು ಗೆರೆಯಾಗಿ ತೋರಿಸುವ ಉಚಿತ ಆಪ್‌ಗಳಿವೆ. ಐದು ಗೇರಿನ ನಿಮ್ಮ ಕಾರಿನ ಡಿಫರೆನ್ಷಿಯಲ್ ಅನುಪಾತ 4.10. ಅಂದರೆ ಪಿನಿಯನ್‌ಗೆ 10 ಹಲ್ಲು, ಕ್ರೌನ್ ವೀಲ್‌ಗೆ 41. 195/50 ಆರ್15 ಟೈರಿದ್ದರೆ 60 ಮೈಲಿ ವೇಗದಲ್ಲಿ ಚಕ್ರ ಸೆಕೆಂಡಿಗೆ ಹದಿನೈದು ಸುತ್ತಿಗಿಂತ ಸ್ವಲ್ಪ ಜಾಸ್ತಿ ಸುತ್ತುತ್ತದೆ. ಅದನ್ನು 41ರಿಂದ ಗುಣಿಸಿದರೆ ಸುಮಾರು 625 ಹರ್ಟ್ಸ್. ಸುಲಭವಾಗಿ ಹೇಳುವುದಾದರೆ, ಮೈಲಿ ವೇಗವನ್ನು ಹತ್ತೂವರೆಯಿಂದ ಗುಣಿಸಿ. ಫೋನಿನ ಪರದೆಯಲ್ಲಿ ಆ ಜಾಗದಲ್ಲಿ ಒಂದು ಚೂಪು ಗೆರೆ ಎದ್ದು ನಿಂತಿದ್ದರೆ, 50 ಮೈಲಿಗೆ ಇಳಿದಾಗ ಅದೂ 525ರ ಹತ್ತಿರ ಇಳಿದರೆ, ಕೂಗುತ್ತಿರುವುದು ಹಲ್ಲುಗಳೇ. ಬೇರೆ ಅನುಮಾನ ಬೇಡ.

ಬೇರಿಂಗ್ ಶಬ್ದ ಹೀಗಿರುವುದಿಲ್ಲ. ಅದಕ್ಕೆ ಶ್ರುತಿ ಇಲ್ಲ. ಗೊರಗೊರ ಅನ್ನುತ್ತದೆ, ರಾಗಿ ಬೀಸುವ ಕಲ್ಲಿನ ಹಾಗೆ. ಕಾಲು ತೆಗೆದರೂ ನಿಲ್ಲುವುದಿಲ್ಲ. ಚಕ್ರದ ಬೇರಿಂಗ್ ಆಗಿದ್ದರೆ ಉದ್ದನೆಯ ತಿರುವಿನಲ್ಲಿ ಒಂದು ಕಡೆಗೆ ತಿರುಗಿದಾಗ ಜಾಸ್ತಿ, ಇನ್ನೊಂದು ಕಡೆಗೆ ತಿರುಗಿದಾಗ ಕಡಿಮೆ. ಪಿನಿಯನ್ ಬೇರಿಂಗ್ ತಿರುವಿಗೆ ಜಗ್ಗುವುದಿಲ್ಲ, ವೇಗಕ್ಕೆ ತಕ್ಕ ಹಾಗೆ ಏರುತ್ತಾ ಹೋಗುತ್ತದೆ. ಟೈರ್ ಶಬ್ದವಾಗಿದ್ದರೆ ರಸ್ತೆಯ ಡಾಂಬರು ಬದಲಾದ ಕೂಡಲೇ ಅದೂ ಬದಲಾಗುತ್ತದೆ. ಎಕ್ಸ್‌ಪ್ರೆಸ್ ರಸ್ತೆಯ ಕಾಂಕ್ರೀಟ್ ಭಾಗದಿಂದ ಡಾಂಬರಿಗೆ ಬಂದಾಗ ಗಮನಿಸಿ. ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ 'ಟಕ್' ಅಂದರೆ ಅದು ಎಲ್ಲೋ ಸಡಿಲ ಇರುವುದರ ಗುರುತು, ಎಣ್ಣೆಯ ವಿಷಯ ಅಲ್ಲವೇ ಅಲ್ಲ.

ಈಗ ಹಲ್ಲು ಯಾಕೆ ಕೂಗುತ್ತದೆ ಅನ್ನುವುದಕ್ಕೆ ಬರೋಣ. ಪಿನಿಯನ್ ಒಂದೇ ಸಮನೆ ತಿರುಗಿದರೂ ಕ್ರೌನ್ ವೀಲ್ ಅಷ್ಟೇ ನಯವಾಗಿ ತಿರುಗುವುದಿಲ್ಲ. ಪ್ರತಿ ಹಲ್ಲು ಕೂಡುವಾಗಲೂ ಒಂದು ಸಣ್ಣ ತಡವರಿಕೆ. ಮೈಕ್ರಾನ್ ಲೆಕ್ಕದ್ದು, ಕೂದಲೆಳೆಗಿಂತ ಎಷ್ಟೋ ಚಿಕ್ಕದು. ಸೆಕೆಂಡಿಗೆ ಆರುನೂರು ಸಲ ಆದರೆ ಅದೇ ಶಬ್ದ. ಈ ತಡವರಿಕೆ ಹುಟ್ಟುವುದು ಹಲ್ಲಿನ ಆಕಾರದಿಂದ, ಸವೆತದಿಂದ, ಪಿನಿಯನ್ ಎಷ್ಟು ಒಳಗೆ ಕೂತಿದೆ ಅನ್ನುವುದರಿಂದ. ಇವು ಯಾವುದನ್ನೂ ಎಣ್ಣೆ ತಿದ್ದಲಾರದು. ಹಲ್ಲುಗಳ ನಡುವಿನ ಎಣ್ಣೆಯ ಪೊರೆ ಹೊಡೆತವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಉಜ್ಜುವಿಕೆಯನ್ನು ನಯ ಮಾಡುತ್ತದೆ, ಅಷ್ಟೇ. ನಾನು ಮೇಲೆ 'ಸ್ವಲ್ಪ ತಗ್ಗಿಸುತ್ತದೆ' ಅಂದಿದ್ದು ಈ ಶಬ್ದಕ್ಕೆ.

ಆ ಉಜ್ಜುವಿಕೆಗೆ ಒಂದು ಇತಿಹಾಸವೇ ಇದೆ. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ ಕಾರುಗಳಿಗೆ ಹೈಪಾಯ್ಡ್ ಗೇರ್ ತಂದಿತು. ಅಲ್ಲಿ ಪಿನಿಯನ್ ಕ್ರೌನ್ ವೀಲ್‌ನ ನಡುಮಧ್ಯಕ್ಕೆ ಬಾರದೆ ಕೆಳಗೆ ಸರಿದು ಕೂತಿರುತ್ತದೆ. ಅದರಿಂದ ಶಾಫ್ಟ್ ಕೆಳಗಿಳಿಯಿತು, ಕಾರಿನ ನೆಲವೂ ಇಳಿಯಿತು, ಶಬ್ದವೂ ಕಡಿಮೆಯಾಯಿತು. ಆದರೆ ಪಿನಿಯನ್ ಸರಿದು ಕೂತದ್ದರಿಂದ ಹಲ್ಲುಗಳು ಬರೀ ಉರುಳುವ ಬದಲು ಉದ್ದಕ್ಕೂ ಜಾರತೊಡಗಿದವು. ಮಾಮೂಲಿ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕೇ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಎಣ್ಣೆಗೆ ಬೆರೆಸುವುದು. ಹಲ್ಲಿನ ಮೇಲೆ ಎಲ್ಲಿ ಬಿಸಿ ಏರುತ್ತದೋ ಅಲ್ಲಿ ಅವು ಉಕ್ಕಿನ ಜೊತೆ ಸೇರಿ ತೆಳುವಾದ ಪದರ ಕಟ್ಟುತ್ತವೆ. ಆ ಪದರ ಸವೆಯುತ್ತದೆ, ಹಲ್ಲು ಉಳಿಯುತ್ತದೆ. ಜಿಎಲ್-5 ಅಂದರೆ ಇದು ಸಾಕಷ್ಟು ಇರುವ ಎಣ್ಣೆ. ಡಬ್ಬಿ ತೆಗೆದಾಗ ಮೂಗಿಗೆ ಹೊಡೆಯುವ ವಾಸನೆ ಗಂಧಕದ್ದು. ಅಡುಗೆಮನೆಯ ಇಂಗಿನ ಡಬ್ಬಿಯ ಘಾಟೂ ಗಂಧಕದ ಸಂಯುಕ್ತಗಳದ್ದೇ. ನನಗಂತೂ ಹೊಸ ಗೇರ್ ಎಣ್ಣೆ ತೆಗೆದಾಗೆಲ್ಲ ಒಗ್ಗರಣೆಯ ನೆನಪಾಗುತ್ತದೆ.

ಪ್ಯಾಕರ್ಡ್ ಭಾರದ ಕಾರು. ನಿಮ್ಮದು ಒಂದು ಟನ್ನಿನ ಆಸುಪಾಸು. ಇಲ್ಲೇ ಹಗುರ ಸ್ಪೋರ್ಟ್ಸ್ ಕಾರಿನ ಕಷ್ಟ ಇರುವುದು. ಶಬ್ದ ನುಂಗಲು ದಪ್ಪ ಹಾಸು ಇಲ್ಲ, ಮೇಲೆ ಬಟ್ಟೆಯ ಚಾವಣಿ, ಕೂರುವ ಜಾಗ ಹಿಂದಿನ ಆಕ್ಸಲ್‌ಗೆ ಅಂಟಿಕೊಂಡ ಹಾಗೆ. ಅದರ ಮೇಲೆ ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್ ತನಕ ಅಲ್ಯುಮಿನಿಯಂನ ಒಂದು ಉದ್ದ ತೊಲೆ ಇದೆ. ಪವರ್ ಪ್ಲಾಂಟ್ ಫ್ರೇಮ್ ಅಂತಾರೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಮುಂದಕ್ಕೆ ಚಿಮ್ಮುವ ಆ ಸುಖ ಬರುವುದು ಈ ತೊಲೆಯಿಂದ. ಎಲ್ಲವನ್ನೂ ಒಂದೇ ಗಟ್ಟಿ ಬೆನ್ನೆಲುಬಿಗೆ ಕಟ್ಟಿದ ಹಾಗೆ. ಆದರೆ ಡಿಫರೆನ್ಷಿಯಲ್‌ನ ಕೂಗೂ ಅದರ ಮೂಲಕ ಓಡುತ್ತದೆ. ಹಿಂದೆ ಎರಡು ಕಿವಿಗಳ ಹಾಗೆ ಚಾಚಿದ ತೋಳುಗಳಲ್ಲಿ ಎರಡು ರಬ್ಬರ್ ಬುಷ್. ತಡೆಯಬೇಕಾದ್ದು ಅವೇ. ನಿಮ್ಮ ಕಾರಿಗೆ ಕಾಲು ಶತಮಾನ ಆಗಿದೆ. ಆ ರಬ್ಬರ್ ಬಿರುಕು ಬಿಟ್ಟಿದೆಯಾ, ಗಟ್ಟಿಯಾಗಿದೆಯಾ ನೋಡಿ. ಹಳೆಯ ಮಾಲೀಕರು ಯಾರಾದರೂ ಪಾಲಿಯುರಿಥೇನ್ ಬುಷ್ ಹಾಕಿಸಿದ್ದರೆ, ಇಷ್ಟು ದಿನ ಕೇಳಿಸದೆ ಇದ್ದ ಶಬ್ದ ಅವತ್ತಿನಿಂದಲೇ ಕೇಳಿಸಲು ಶುರುವಾಗಿರುತ್ತದೆ. 55ರಿಂದ 65ರ ನಡುವೆ ಮಾತ್ರ ಜೋರಾಗಿ, ಆಚೆ ಈಚೆ ತಗ್ಗುವುದಕ್ಕೂ ಇದೇ ಕಾರಣ. ಹಲ್ಲುಗಳು ಎಲ್ಲ ವೇಗದಲ್ಲೂ ಕೂಗುತ್ತಲೇ ಇವೆ. ಆ ಒಂದು ಶ್ರುತಿಗೆ ಕಾರಿನ ಮೈ ತಾನೂ ದನಿಗೂಡಿಸುತ್ತದೆ.

ಇನ್ನು ನೀವು ಹಾಕಿಸಿದ ಅಡಿಟಿವ್ ವಿಷಯ. ಅದು ಫ್ರಿಕ್ಷನ್ ಮಾಡಿಫೈಯರ್. ನಿಮ್ಮ ಡಿಫರೆನ್ಷಿಯಲ್‌ಗೆ ಬೇಡ.

ಸ್ಟೀಲ್ ಲೋಟದ ಅಂಚಿನ ಮೇಲೆ ಒದ್ದೆ ಬೆರಳು ಎಳೆದು ನೋಡಿ. ಬೆರಳು ಒಂದು ಕ್ಷಣ ಅಂಟುತ್ತದೆ, ಆಮೇಲೆ ಜಾರುತ್ತದೆ, ಮತ್ತೆ ಅಂಟುತ್ತದೆ. ಕಿರ್ ಅಂತ ಶಬ್ದ. ಪಿಟೀಲಿನ ಕಮಾನಿಗೆ ರಾಳ ಹಚ್ಚುವುದೂ ಹೀಗೆ ಅಂಟಿ ಜಾರಲಿ ಅಂತಲೇ. ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನಲ್ಲಿ ಕ್ಲಚ್ ಪ್ಲೇಟುಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಪಾರ್ಕಿಂಗ್ ಜಾಗದಲ್ಲಿ ಪೂರ್ತಿ ಸ್ಟಿಯರಿಂಗ್ ತಿರುಗಿಸಿ ನಿಧಾನ ಚಲಿಸಿದಾಗ ಒಂದು ಚಕ್ರ ಜಾಸ್ತಿ ಓಡಬೇಕು, ಇನ್ನೊಂದು ಕಡಿಮೆ. ಆಗ ಪ್ಲೇಟುಗಳು ಅಂಟಿ ಜಾರಿ, ಅಂಟಿ ಜಾರಿ, ಕಟಕಟ ಕಟಕಟ ಅಂತ ಇಡೀ ಹಿಂಭಾಗ ನಡುಗುತ್ತದೆ. ಫ್ರಿಕ್ಷನ್ ಮಾಡಿಫೈಯರ್‌ನ ಉದ್ದನೆಯ ಅಣುಗಳು ಲೋಹಕ್ಕೆ ಹುಲ್ಲು ನೆಟ್ಟ ಹಾಗೆ ಕಚ್ಚಿಕೊಂಡು, ಆ ಮೊದಲ ಅಂಟನ್ನು ಬಿಡಿಸುತ್ತವೆ. ಜಾರುವುದು ಒಂದೇ ಸಮನಾಗುತ್ತದೆ, ಶಬ್ದ ನಿಲ್ಲುತ್ತದೆ. ಎಣ್ಣೆ ನಿಜವಾಗಿ ಗುಣ ಮಾಡುವ ಶಬ್ದ ಇದೊಂದೇ. ಸರಿಯಾದ ಎಣ್ಣೆ ಹಾಕಿ, ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಹತ್ತು ಸುತ್ತು ಹೊಡೆದರೆ ಎಣ್ಣೆ ಪ್ಲೇಟುಗಳ ನಡುವೆ ಇಳಿದು ಕಟಕಟ ಹೋಗಿಬಿಡುತ್ತದೆ. ಹಿಂದೆ ಇಂಥ ಕೆಲಸಕ್ಕೆ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. ಅಮೆರಿಕದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯಲ್ಲಿ 1970ರ ದಶಕದ ಆರಂಭದವರೆಗೂ ಅದು ಇತ್ತು. ಅದಕ್ಕೆ ಬದಲಿ ಸಿಕ್ಕಿತಲ್ಲ ಅನ್ನುವುದು ನನಗೆ ಈಗಲೂ ಸಮಾಧಾನದ ವಿಷಯ.

ಆದರೆ ಟಾರ್ಸನ್‌ನಲ್ಲಿ ಪ್ಲೇಟುಗಳ ಕಟ್ಟು ಇಲ್ಲ. ವರ್ನನ್ ಗ್ಲೀಸ್‌ಮನ್ ಕಂಡುಹಿಡಿದ ಈ ವಿನ್ಯಾಸದಲ್ಲಿ ಒಳಗಿರುವುದೆಲ್ಲ ಗೇರುಗಳೇ. ಅವು ತಿರುಚಿಕೊಂಡು ಒಂದಕ್ಕೊಂದು ಮತ್ತು ಹೌಸಿಂಗ್‌ಗೆ ಉಜ್ಜಿದಾಗ ಹುಟ್ಟುವ ಘರ್ಷಣೆಯೇ ಹಿಡಿತ ಇರುವ ಚಕ್ರಕ್ಕೆ ಜಾಸ್ತಿ ಬಲ ಕಳಿಸುವುದು. ಆ ಘರ್ಷಣೆಯನ್ನು ಜಾರುವ ಅಡಿಟಿವ್ ಹಾಕಿ ಕಡಿಮೆ ಮಾಡಿದರೆ ಟಾರ್ಸನ್ ಇರುವ ಉದ್ದೇಶವನ್ನೇ ಅಷ್ಟು ಕಳೆದ ಹಾಗೆ. ಹಾಳೇನೂ ಆಗುವುದಿಲ್ಲ, ಗಾಬರಿ ಬೇಡ. ಮುಂದಿನ ಸಲ ಎಣ್ಣೆ ಬದಲಿಸುವಾಗ ಬಿಟ್ಟುಬಿಡಿ. ಮಾಲಿಬ್ಡಿನಮ್ ಇರುವ ಕಪ್ಪು ಅಡಿಟಿವ್‌ಗಳಿಗೂ ಇದೇ ಮಾತು. ಕ್ರೌನ್ ಪಿನಿಯನ್ ಕೂಗಿಗೆ ಇವೆರಡೂ ಮದ್ದಲ್ಲ.

ಮತ್ತೆ ಒಂದು ತಿಂಗಳು ಕಡಿಮೆಯಾಗಿದ್ದು ಹೇಗೆ? ನನಗೆ ಎರಡು ಅನುಮಾನ.

ಒಂದು, ಹಳೆಯ ಎಣ್ಣೆ ಮಟ್ಟ ಕೆಳಗಿದ್ದಿರಬಹುದು. ನಿಮ್ಮ ಡಿಫರೆನ್ಷಿಯಲ್ ಹಿಡಿಸುವುದೇ ಒಂದು ಲೀಟರ್. ಅದರಲ್ಲಿ ಕಾಲು ಲೀಟರ್ ಸೋರಿದ್ದರೂ ದೊಡ್ಡ ವ್ಯತ್ಯಾಸ. ಕ್ರೌನ್ ವೀಲ್ ಎಣ್ಣೆಯಲ್ಲಿ ಮುಳುಗಿ ಎದ್ದು, ಅದನ್ನು ಮುಂದಕ್ಕೆ ಎರಚಿ, ಪಿನಿಯನ್ ಬೇರಿಂಗ್‌ಗೆ ತಲುಪಿಸುತ್ತದೆ. ಪಂಪ್ ಗಿಂಪ್ ಏನೂ ಇಲ್ಲ. ಮಟ್ಟ ತುಂಬಿದ ಕೂಡಲೇ ಶಬ್ದ ತಗ್ಗಿ, ತಿಂಗಳಲ್ಲಿ ವಾಪಸ್ ಬಂದಿದ್ದರೆ ಮತ್ತೆ ಸೋರಿದೆಯಾ ನೋಡಿ. ಪಿನಿಯನ್ ಸೀಲ್ ಸುತ್ತ, ಎರಡೂ ಕಡೆ ಆಕ್ಸಲ್ ಶಾಫ್ಟ್ ಒಳಹೋಗುವ ಜಾಗದಲ್ಲಿ ಒದ್ದೆ, ಧೂಳು ಮೆತ್ತಿದ ಕಪ್ಪು ಕಲೆ ಇದ್ದರೆ ಅದೇ ಉತ್ತರ.

ಎರಡನೆಯದು ಎಣ್ಣೆಯೊಳಗಿನದು. 75ಡಬ್ಲ್ಯು-140 ಅನ್ನುವ ಎಣ್ಣೆ ಚಳಿಯಲ್ಲಿ ತೆಳುವಾಗಿಯೂ ಬಿಸಿಯಲ್ಲಿ ದಪ್ಪವಾಗಿಯೂ ಇರಬೇಕು. ಇಷ್ಟು ಅಗಲದ ವ್ಯಾಪ್ತಿಗೆ ಪಾಲಿಮರ್ ಬೆರೆಸುತ್ತಾರೆ. ನೂಲಿನ ಉಂಡೆಯ ಹಾಗಿರುವ ಉದ್ದ ಅಣುಗಳು, ಬಿಸಿಯಾದಾಗ ಬಿಚ್ಚಿಕೊಂಡು ಎಣ್ಣೆಯನ್ನು ದಪ್ಪ ಹಿಡಿಯುತ್ತವೆ. ಹೈಪಾಯ್ಡ್ ಹಲ್ಲಿನ ನಡುವೆ ಸಿಕ್ಕಿ ಈ ನೂಲು ತುಂಡಾಗುತ್ತದೆ. ಕಳಪೆ ಎಣ್ಣೆಯಲ್ಲಿ ಬೇಗ, ಒಳ್ಳೆಯದರಲ್ಲಿ ನಿಧಾನ. ಎಸ್‌ಎಇ ಜೆ306 ಅನ್ನುವ ಮಾನದಂಡದ ಪ್ರಕಾರ, ಟೇಪರ್ ಬೇರಿಂಗ್‌ನಲ್ಲಿ 20 ಗಂಟೆ ಅರೆದ ಮೇಲೂ ಎಣ್ಣೆ ತನ್ನ ನಂಬರಿನೊಳಗೇ ಉಳಿಯಬೇಕು. 140 ನಂಬರಿಗೆ 100 ಡಿಗ್ರಿಯಲ್ಲಿ 24ರಿಂದ 32.5 ಸೆಂಟಿಸ್ಟೋಕ್ಸ್ ತನಕ ಜಾಗ ಇದೆ. ಮೇಲಿನ ತುದಿಯಲ್ಲಿ ಶುರುವಾಗಿ ಕೆಳತುದಿಗೆ ಬಂದರೂ ಡಬ್ಬಿಯ ಮೇಲಿನ ನಂಬರ್ ಸುಳ್ಳಲ್ಲ. ನಿಮ್ಮ ಕಿವಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ನಂಬರಿನ ಬಗ್ಗೆ ಇನ್ನೊಂದು ಮಾತು. ನಮ್ಮೂರ ಗ್ಯಾರೇಜುಗಳಲ್ಲಿ '90 ನಂಬರ್', '140 ನಂಬರ್' ಅಂತಲೇ ಕರೆಯುವುದು ಅಲ್ವಾ? ಮೊದಲು 90 ಅಂದರೆ 13.5ರಿಂದ 24ರವರೆಗೆ ಏನು ಬೇಕಾದರೂ ಆಗಬಹುದಿತ್ತು. 2005ರಲ್ಲಿ ಅದನ್ನು ಎರಡು ಮಾಡಿದರು. 18.5ರ ಒಳಗಿದ್ದರೆ 90, ಅದರ ಮೇಲೆ 110. ಹಾಗಾಗಿ ನಿಮ್ಮ ಕಾರಿನ ಕೈಪಿಡಿಯಲ್ಲಿರುವ 90, ಈಗಿನ 75ಡಬ್ಲ್ಯು-110ನ್ನೂ ಒಳಗೊಂಡಿತ್ತು. ಇದು ನಿಮಗೆ ಉಪಯೋಗಕ್ಕೆ ಬರುವ ವಿಷಯ, ಮುಂದೆ ಹೇಳುತ್ತೇನೆ.

ದಪ್ಪ ಎಣ್ಣೆ ಮುಚ್ಚಿಡುವ ಶಬ್ದ ಬೇರಿಂಗಿನದು. ಸಕಲೇಶಪುರದ ಹತ್ತಿರ ನನ್ನ ಸೋದರಮಾವನ ತೋಟಕ್ಕೆ ಒಂದು ಹಳೆಯ ಜೀಪು ಕೊಂಡಿದ್ದರು. ನಾನಾಗ ಪಿಯುಸಿ. ಕೊಳ್ಳುವಾಗ ಒಂದು ಸದ್ದೂ ಇರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹಿಂದಿನ ಆಕ್ಸಲ್ ಕಚ್ಚಿಕೊಂಡು ಕೂತಿತು. ಮೆಕ್ಯಾನಿಕ್ ಕವರ್ ಬಿಚ್ಚಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಎಣ್ಣೆ ಹರಿಯಲೇ ಇಲ್ಲ. ಹುಣಸೆಹಣ್ಣಿನ ಗೊಜ್ಜಿನ ಹಾಗೆ ಉಂಡೆಉಂಡೆಯಾಗಿ ಬಿತ್ತು. ಅವರು ಒಂದಿಷ್ಟು ಬೆರಳಲ್ಲಿ ತೆಗೆದು ನನ್ನ ಅಂಗೈಗೆ ಹಾಕಿದರು. ಉಜ್ಜಿದರೆ ಮರದ ಹೊಟ್ಟು. ಯಾರೋ ಶಬ್ದ ಕೇಳಿಸದಿರಲಿ ಅಂತ ಗಟ್ಟಿ ಎಣ್ಣೆಗೆ ಹೊಟ್ಟು ಕಲಸಿ ತುಂಬಿದ್ದರು. ಪಿನಿಯನ್ ಬೇರಿಂಗ್‌ನ ಉರುಳೆಗಳು ಪುಡಿಯಾಗಿದ್ದವು. ಅದರ ಜೊತೆ ಕ್ರೌನ್ ಮತ್ತು ಪಿನಿಯನ್ ಕೂಡ ಹೋಗಿದ್ದವು. ಕೂಗಿದ್ದರೆ ಬರೀ ಒಂದು ಬೇರಿಂಗ್‌ನಲ್ಲಿ ಮುಗಿಯುತ್ತಿತ್ತು. ನಾನು ಈ ಕೆಲಸಕ್ಕೆ ಬಂದಿದ್ದಕ್ಕೆ ಆ ಅಂಗೈ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

140 ನಂಬರ್ ಎಣ್ಣೆಯನ್ನು ಹೊಟ್ಟಿಗೆ ಹೋಲಿಸುತ್ತಿಲ್ಲ. ಟ್ರ್ಯಾಕಿನಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ, ಎಣ್ಣೆ 120 ಡಿಗ್ರಿ ದಾಟುವ ಕಡೆ, ಅದು ಬೇಕೇ ಬೇಕು. ಆದರೆ ಲೀಡ್ಸ್‌ನ ರಸ್ತೆಯಲ್ಲಿ ನಿಮ್ಮ ಡಿಫರೆನ್ಷಿಯಲ್ ಅಷ್ಟು ಬಿಸಿಯಾಗುವುದಿಲ್ಲ. ಚಳಿಯ ಬೆಳಿಗ್ಗೆ ಗಟ್ಟಿ ಎಣ್ಣೆ ಪಿನಿಯನ್‌ನ ಮುಂದಿನ ಬೇರಿಂಗ್‌ಗೆ ತಲುಪಲು ತಡ ಮಾಡುತ್ತದೆ, ಕಲಕುವುದರಲ್ಲೇ ಎಂಜಿನ್ನಿನ ಶಕ್ತಿ ತಿನ್ನುತ್ತದೆ. ಹಗುರ ಕಾರಿಗೆ ಇರುವ ಶಕ್ತಿಯೇ ಅಷ್ಟಿಷ್ಟು. ಅದನ್ನು ಎಣ್ಣೆ ಕಲಕಲು ಯಾಕೆ ಕೊಡಬೇಕು?

ಹಾಗಾದರೆ ಯಾವ ಎಣ್ಣೆ? ನನ್ನ ಉತ್ತರ: ಪೂರ್ತಿ ಸಿಂಥೆಟಿಕ್ 75ಡಬ್ಲ್ಯು-90, ಜಿಎಲ್-5, ಲಿಮಿಟೆಡ್ ಸ್ಲಿಪ್ ಅಡಿಟಿವ್ ಇಲ್ಲದ್ದು. ಬೆಳಗಿನ ಪರೀಕ್ಷೆಯಲ್ಲಿ ಶಬ್ದ ಬಿಸಿಯಾದ ಮೇಲೆ ಮಾತ್ರ ಬರುತ್ತದೆ ಅಂತಾದರೆ 75ಡಬ್ಲ್ಯು-110. ಕೈಪಿಡಿ ಬರೆದ ಕಾಲದ 90ರ ಒಳಗೇ ಅದೂ ಬರುತ್ತಿತ್ತು, ಹಾಗಾಗಿ ನಿಯಮ ಮೀರಿದ ಹಾಗಲ್ಲ. ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡಬ್ಬಿಯ ಹಿಂದೆ 100 ಡಿಗ್ರಿಯ ದಪ್ಪ ಬರೆಯದಿದ್ದರೆ ಕಂಪನಿಯ ಜಾಲತಾಣದ ದತ್ತಾಂಶ ಹಾಳೆಯಲ್ಲಿ ಇರುತ್ತದೆ. ಎರಡು 75ಡಬ್ಲ್ಯು-90 ಎಣ್ಣೆಗಳಲ್ಲಿ ಒಂದು 14 ಇರಬಹುದು, ಇನ್ನೊಂದು 17.5. ಕೂಗುವ ಡಿಫರೆನ್ಷಿಯಲ್‌ಗೆ ಎರಡನೆಯದನ್ನು ತೆಗೆದುಕೊಳ್ಳಿ.

ನೀವೇ ಬದಲಿಸುವುದಾದರೆ ಮೊದಲು ತುಂಬುವ ಬೋಲ್ಟ್ ಸಡಿಲ ಮಾಡಿ, ಆಮೇಲೆ ಕೆಳಗಿನ ಡ್ರೇನ್ ಬೋಲ್ಟ್. ಎಣ್ಣೆ ಎಲ್ಲ ಸುರಿದಾದ ಮೇಲೆ ಮೇಲಿನ ಬೋಲ್ಟ್ ಬಿಚ್ಚಲಾಗದೆ ಕೂತವರನ್ನು ನೋಡಿದ್ದೇನೆ. ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಇಳಿಸಿ. ತುಂಬುವಾಗ ಕಾರು ನಾಲ್ಕೂ ಕಡೆ ಮಟ್ಟಸವಾಗಿರಬೇಕು. ತುಂಬುವ ತೂತಿನ ಕೆಳಅಂಚಿನಿಂದ ಹನಿ ಹೊರಬರುವ ತನಕ ಹಾಕಿ. ಮುಂದಿನ ಚಕ್ರ ಮಾತ್ರ ಎತ್ತಿಯೋ ಹಿಂದಿನದು ಮಾತ್ರ ಎತ್ತಿಯೋ ತುಂಬಿದರೆ ಲೆಕ್ಕ ತಪ್ಪುತ್ತದೆ. ಡ್ರೇನ್ ಬೋಲ್ಟ್‌ನ ತುದಿಯ ಅಯಸ್ಕಾಂತ ಒರೆಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಕಾಡಿಗೆಯ ಹಾಗೆ ನುಣ್ಣನೆಯ ಬೂದು ಲೇಪ ಇದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಇರಬಾರದು.

ಬೇರೆ ಹಗುರ ಕಾರುಗಳಿರುವವರು ಈ ಉತ್ತರವನ್ನು ಹಾಗೇ ಎತ್ತಿಕೊಳ್ಳಬೇಡಿ. 1.6 ಎಂಜಿನ್ನಿನ ಮೊದಲ ಎಂಎಕ್ಸ್-5ರ ಡಿಫರೆನ್ಷಿಯಲ್ ಚಿಕ್ಕದು, 0.65 ಲೀಟರ್ ಸಾಕು. ಅದರಲ್ಲಿ ಬರುತ್ತಿದ್ದ ವಿಸ್ಕಸ್ ಲಿಮಿಟೆಡ್ ಸ್ಲಿಪ್‌ನ ಸಿಲಿಕೋನ್ ದ್ರವ ಬೇರೆಯೇ ಮುಚ್ಚಳದೊಳಗೆ ಇರುತ್ತದೆ, ಹೊರಗಿನ ಎಣ್ಣೆ ಅದನ್ನು ಮುಟ್ಟುವುದೇ ಇಲ್ಲ. 2015ರ ನಂತರದ ಎಂಎಕ್ಸ್-5ರ ಲಿಮಿಟೆಡ್ ಸ್ಲಿಪ್‌ನಲ್ಲಿ ಕೋನ್ ಆಕಾರದ ಉಜ್ಜುವ ಮೇಲ್ಮೈಗಳಿವೆ, ಅಲ್ಲಿ ಕೈಪಿಡಿ ಹೇಳಿದ ಎಣ್ಣೆಯಿಂದ ಆಚೆ ಹೋಗಬೇಡಿ. ಕ್ಯಾಟರ್‌ಹ್ಯಾಮ್‌ಗೆ ಪ್ಲೇಟ್ ಲಿಮಿಟೆಡ್ ಸ್ಲಿಪ್ ಹಾಕಿಸಿಕೊಂಡವರಿಗೆ ಅಡಿಟಿವ್ ಇರುವ ಎಣ್ಣೆಯೇ ಬೇಕು. ಲೋಟಸ್ ಎಲೀಸ್‌ನಲ್ಲಂತೂ ಹೈಪಾಯ್ಡ್ ಗೇರೇ ಇಲ್ಲ. ಎಂಜಿನ್ ಅಡ್ಡಡ್ಡ ಕೂತಿದೆ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಎಣ್ಣೆ ಹಂಚಿಕೊಳ್ಳುತ್ತವೆ. ಅಲ್ಲಿ ಶಬ್ದ ಕಡಿಮೆ ಮಾಡಲು ಅಂತ ದಪ್ಪ ಜಿಎಲ್-5 ಸುರಿದರೆ ಗೇರ್ ಹಾಕುವುದೇ ಕಷ್ಟವಾದೀತು, ಹಳೆಯ ಬಗೆಯ ಜಿಎಲ್-5ರ ಗಂಧಕ ಗೇರ್ ನಯವಾಗಿ ಕೂರಿಸುವ ಹಿತ್ತಾಳೆಯ ಸಿಂಕ್ರೊ ಬಳೆಗಳನ್ನೂ ತಿನ್ನಬಹುದು. ಒಳಗೆ ಯಾವ ಲಿಮಿಟೆಡ್ ಸ್ಲಿಪ್ ಇದೆ ಅಂತ ತಿಳಿಯಲು ಹಿಂದಿನ ಎರಡೂ ಚಕ್ರ ಎತ್ತಿ, ನ್ಯೂಟ್ರಲ್‌ನಲ್ಲಿಟ್ಟು, ಒಂದನ್ನು ತಿರುಗಿಸಿ ನೋಡುವ ಪದ್ಧತಿ ಇದೆ. ಟಾರ್ಸನ್ ವಿಷಯದಲ್ಲಿ ಅದು ಮೋಸ ಮಾಡುತ್ತದೆ. ಕಾರಿನ ಕಾಗದಪತ್ರ ನಂಬಿ.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ, ಬಿಚ್ಚಿಸಬೇಕಾ? ಫೋನಿನಲ್ಲಿ 625ರ ಹತ್ತಿರ ಒಂದೇ ಚೂಪು ಗೆರೆ, ಅಯಸ್ಕಾಂತದಲ್ಲಿ ಬರೀ ಲೇಪ, ಪಿನಿಯನ್ ಫ್ಲೇಂಜ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಬಿಲ್ಲೆ) ಹಿಡಿದು ಅಲ್ಲಾಡಿಸಿದರೆ ಮೇಲೆ ಕೆಳಗೆ ಸಡಿಲ ಇಲ್ಲ ಅಂದರೆ ಬಿಚ್ಚಿಸಬೇಡಿ. ಇಂಥ ಕೂಗಿನ ಜೊತೆ ಕಾರುಗಳು ವರ್ಷಗಟ್ಟಲೆ ಓಡುತ್ತವೆ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೋಡಿಯಾಗಿ ಅರೆದು ಹೊಂದಿಸಿದವು. ಅವುಗಳ ನಡುವಿನ ಪ್ಲೇ, ಅಂದರೆ ಸಡಿಲ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಪಳಗಿದ ಕೈಯಲ್ಲದೆ ಬಿಚ್ಚಿ ಕಟ್ಟಿದರೆ ಮೊದಲಿಗಿಂತ ಜಾಸ್ತಿ ಕೂಗುತ್ತದೆ. ಆ ದುಡ್ಡಲ್ಲಿ ಎರಡು ಹೊಸ ರಬ್ಬರ್ ಬುಷ್ ಹಾಕಿಸಿ, ಪವರ್ ಪ್ಲಾಂಟ್ ಫ್ರೇಮಿನ ಬೋಲ್ಟುಗಳ ಬಿಗಿ ನೋಡಿಸಿ. ನಿಮ್ಮ ಕಿವಿಗೆ ಎಣ್ಣೆಗಿಂತ ಅದರಿಂದಲೇ ಹೆಚ್ಚು ಸುಖ ಸಿಗುತ್ತದೆ.

ಗೊರಗೊರ ಇದ್ದರೆ, ಫ್ಲೇಂಜ್ ಅಲ್ಲಾಡಿದರೆ, ಅಥವಾ ಅಯಸ್ಕಾಂತದ ಮೇಲೆ ಚೂರು ಕಂಡರೆ ಅವತ್ತೇ ಕಾರು ನಿಲ್ಲಿಸಿ. ಪಿನಿಯನ್ ಬೇರಿಂಗ್‌ಗಳನ್ನು ಮಾತ್ರ ಬದಲಿಸಿದರೆ ಸಾಕಾ ಅಥವಾ ಸುಸ್ಥಿತಿಯ ಸೆಕೆಂಡ್ ಹ್ಯಾಂಡ್ ಡಿಫರೆನ್ಷಿಯಲ್ ಪೂರ್ತಿ ಕೂರಿಸುವುದು ಅಗ್ಗವಾ ಅಂತ ಲೆಕ್ಕ ಹಾಕಿ. ನಿಮ್ಮ ಕಾಲದ ಎಂಎಕ್ಸ್-5 ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ, ಸಾಮಾನ್ಯವಾಗಿ ಎರಡನೆಯದೇ ಅಗ್ಗ. ಕೊಳ್ಳುವಾಗ 4.10 ಅನುಪಾತದ್ದೇ ಅಂತ ಹಲ್ಲು ಎಣಿಸಿ ಖಚಿತ ಮಾಡಿಕೊಳ್ಳಿ. ಪಿನಿಯನ್ ಕೈಯಲ್ಲಿ ತಿರುಗಿಸಿದಾಗ ಎಲ್ಲೂ ತಡೆಯದೆ, ಸ್ವಲ್ಪ ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು. ಹಗುರವಾಗಿ ಗಿರ್ರಂತ ತಿರುಗಿದರೆ ಬೇರಿಂಗ್ ಬಿಗಿ ಹೋಗಿದೆ ಅಂತ ಅರ್ಥ, ಅದನ್ನು ಬಿಟ್ಟು ಬೇರೆ ನೋಡಿ.